ಒಂದು ಗ್ರಾಂ ತಾಮ್ರದ ಲೆಕ್ಕ

ತಾಮ್ರ ಹುಳಿಗೆ ಹೆದರುವ ಲೋಹವಲ್ಲ. ವಿಜಯಪುರದ ಜೋರಾಪುರ ಪೇಟೆಯ ಮನೆಯೊಂದರಲ್ಲಿ ಹಬ್ಬದ ಮುನ್ನಾದಿನ ಚರಿಗೆಗೆ ಹುಣಸೆಹಣ್ಣು ಹಚ್ಚಿ ತಿಕ್ಕಿದರೆ ಹೋಗುವುದು ಮೇಲಿನ ಕಿಲುಬು ಮಾತ್ರ; ಒಳಗಿನ ತಾಮ್ರ ಏನೂ ಆಗಿಲ್ಲವೆಂಬಂತೆ ಹೊಳೆಯುತ್ತದೆ. ಪ್ರಯೋಗಾಲಯದ ಹೈಡ್ರೋಕ್ಲೋರಿಕ್ ಆಮ್ಲವೂ, ಗಾಳಿಯ ನೆರವಿಲ್ಲದಿದ್ದರೆ, ಇದರ ಮುಂದೆ ಕೈಕಟ್ಟಿ ನಿಲ್ಲುತ್ತದೆ. ಲೋಹಗಳ ಕ್ರಿಯಾಶೀಲತೆಯ ಪಂಕ್ತಿಯಲ್ಲಿ ತಾಮ್ರ ಕುಳಿತಿರುವುದು ಹೈಡ್ರೋಜನ್ನಿನ ಕೆಳಗೆ. ಅದನ್ನು ಎಬ್ಬಿಸಿ ತಾನು ಕೂರುವ ತಾಕತ್ತು ಇದಕ್ಕಿಲ್ಲ.

ನೈಟ್ರಿಕ್ ಆಮ್ಲದ ಮಾತೇ ಬೇರೆ. ತಾಮ್ರವನ್ನು ಕರಗಿಸಿ ಕೊನೆಗೆ ತಾಮ್ರವಾಗಿಯೇ ಮರಳಿ ಪಡೆಯುವ ತರಗತಿಯ ಪ್ರಯೋಗದಲ್ಲಿ, ತೂಗಿಟ್ಟ ಒಂದು ಗ್ರಾಂ ತಂತಿಯ ಮೇಲೆ ಪ್ರಬಲ ಆಮ್ಲ ಬಿದ್ದೊಡನೆ ದ್ರಾವಣ ಹಸಿರಾಗಿ ನೊರೆಯುತ್ತದೆ, ಕಂದು ಹೊಗೆ ಏಳುತ್ತದೆ. ಅದು ನೈಟ್ರೋಜನ್ ಡೈಆಕ್ಸೈಡ್, ಅಪ್ಪಟ ವಿಷ. ಬಗ್ಗಿ ಮೂಸುವ ಉತ್ಸಾಹಿಗಳು ದೂರ ನಿಲ್ಲಬೇಕು. ನೀರು ಬೆರೆಸಿದರೆ ದ್ರಾವಣ ನೀಲಿ. ಸೋಡಿಯಂ ಹೈಡ್ರಾಕ್ಸೈಡ್ ಸುರಿದರೆ ನೀಲಿ ಹೈಡ್ರಾಕ್ಸೈಡ್ ಒಡೆದ ಹಾಲಿನಂತೆ ತಳಕ್ಕಿಳಿಯುತ್ತದೆ. ಕಾಯಿಸಿದರೆ ನೀರು ಬಿಟ್ಟುಕೊಟ್ಟು ಕಪ್ಪು ಆಕ್ಸೈಡ್. ಗಂಧಕಾಮ್ಲದಲ್ಲಿ ಕರಗಿದರೆ ಮತ್ತೆ ನೀಲಿ.

ಈ ಕೊನೆಯ ನೀಲಿ ಮೈಲುತುತ್ತದ್ದು. ತಿಕೋಟಾ, ಬಬಲೇಶ್ವರದ ದ್ರಾಕ್ಷಿ ಬೆಳೆಗಾರರಿಗೆ ಇದರ ಪರಿಚಯ ಮಾಡಿಸಬೇಕಿಲ್ಲ. ಬೂಜು ತುಪ್ಪಟ ರೋಗಕ್ಕೆ ಹೊಡೆಯುವ ಶೇ. 1ರ ಬೋರ್ಡೋ ದ್ರಾವಣವೆಂದರೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಫ್ರಾನ್ಸಿನ ಬೋರ್ಡೋದಲ್ಲಿ ದಾರಿಬದಿಯ ಬಳ್ಳಿಗಳಿಗೆ ಇದನ್ನು ಬಳಿಯುತ್ತಿದ್ದುದು ಹಣ್ಣು ಕದಿಯುವವರನ್ನು ಹೆದರಿಸಲು. ರೋಗವೂ ಹೆದರುತ್ತದೆಂದು ಕಂಡುಕೊಂಡ ಸಸ್ಯವಿಜ್ಞಾನಿ ಮಿಲಾರ್ದೆ ಅದನ್ನು 1885ರಲ್ಲಿ ಪ್ರಕಟಿಸಿದ. ಸುಣ್ಣ ಸಾಕಾಯಿತೇ ಎಂದು ತಿಳಿಯಲು ಉಜ್ಜಿದ ಕುಡುಗೋಲನ್ನು ಅದ್ದಿ ನೋಡುವುದುಂಟು. ಅಲಗು ಕೆಂಪಗಾದರೆ ತಾಮ್ರ ಇನ್ನೂ ಬಿಡಿಯಾಗಿದೆ, ಎಲೆ ಸುಟ್ಟೀತು. ಕಬ್ಬಿಣ ತಾನು ಕರಗಿ ತಾಮ್ರವನ್ನು ಹೊರದಬ್ಬುವ ಈ ಕೆಲಸವನ್ನೇ ಪ್ರಯೋಗಾಲಯ ಸತುವಿನಿಂದ ಮಾಡಿಸುತ್ತದೆ. ನೀಲಿ ತಿಳಿಯಾಗುತ್ತ ತಳದಲ್ಲಿ ಕೆಂಪು ಪುಡಿ ಕೂಡುತ್ತದೆ. ಮಿಕ್ಕ ಸತುವನ್ನು ಹೈಡ್ರೋಕ್ಲೋರಿಕ್ ಆಮ್ಲ ತಿಂದುಹಾಕುತ್ತದೆ. ತಾಮ್ರದ ತಂಟೆಗೆ ಹೋಗುವುದಿಲ್ಲ.

ಇನ್ನು ಮರಳಿ ಬಂದ ತಾಮ್ರದ ತೂಕ. ಪೇಟೆಯ ತಕ್ಕಡಿಯಲ್ಲಿ ಕಡಿಮೆ ಬಂದರೆ ಜಗಳ, ಇಲ್ಲಿ ಹೆಚ್ಚು ಬಂದರೆ ಅವಮಾನ. ತೊಳೆಯುವಾಗ ಚೆಲ್ಲಿ 0.9 ಗ್ರಾಂ ಉಳಿದರೆ ಕ್ಷಮ್ಯ. 1.1 ಬಂದರೆ ಪುಡಿಯಲ್ಲಿ ಇನ್ನೂ ನೀರಿದೆ. ಅವಸರಕ್ಕೆ ಜೋರು ಉರಿಯಲ್ಲಿ ಒಣಗಿಸಿದರೆ ಪುಡಿ ಆಮ್ಲಜನಕ ಹೀರಿ ಕಪ್ಪಾಗುತ್ತದೆ. ಪೂರ್ತಿ ಆಕ್ಸೈಡಾದರೆ ಗ್ರಾಮಿಗೆ ಒಂದೂಕಾಲು ಗ್ರಾಂ. ತಾಸೊಪ್ಪತ್ತಿನಲ್ಲಿ ಇಷ್ಟು ಬಡ್ಡಿಯನ್ನು ಯಾವ ಸಾವುಕಾರನೂ ಕಂಡಿರಲಾರ. ರೆಕಾರ್ಡ್ ಪುಸ್ತಕಗಳಲ್ಲಿ ಮಾತ್ರ ಇಡೀ ತರಗತಿಯ ತಾಮ್ರ ಒಂದೇ ಸಮ 0.96 ಗ್ರಾಂ ತೂಗುತ್ತದೆ.