ಎಳ್ಳ ಅಮವಾಸ್ಯೆಯನ್ನು ಭಾನುವಾರವೇ ಮಾಡುವ ಬಗೆ: ಬಳಕೆದಾರರ ಕೈಪಿಡಿ

ಬಳಸುವ ಮುನ್ನ ಓದಿ

ಈ ಕೈಪಿಡಿ ಯಾದಗಿರಿ, ಶಹಾಪುರ, ಸುರಪುರ ಸೀಮೆಯಲ್ಲಿ ಹುಟ್ಟಿ ಬೆಂಗಳೂರು, ಪುಣೆ, ಮುಂಬೈಗಳಲ್ಲಿ ದುಡಿಯುವವರಿಗಾಗಿ. ಗಾರೆ ಕೆಲಸಕ್ಕೆ ಗುಳೆ ಹೋದವರಿಗೂ ಎಸಿ ಕೋಣೆಯಲ್ಲಿ ಕೂತವರಿಗೂ ಒಂದೇ ಪ್ರತಿ ಸಾಕು, ಯಾಕೆಂದರೆ ಇಬ್ಬರ ತೊಂದರೆಯೂ ಒಂದೇ. ಊರಿನವರೆಲ್ಲ ಹೊಲಕ್ಕೆ ಹೋಗಿ ಉಣ್ಣುವ ಎಳ್ಳ ಅಮವಾಸ್ಯೆ ಸರ್ಕಾರದ ಸಾರ್ವತ್ರಿಕ ರಜೆಗಳ ಪಟ್ಟಿಯಲ್ಲಿಲ್ಲ. ರಜೆ ಕೇಳಿದರೆ ಬೆಂಗಳೂರಿನ ಮ್ಯಾನೇಜರು "ಎಳ್ಳು ಬೀರೋದು ಸಂಕ್ರಾಂತಿಗಲ್ವಾ?" ಅನ್ನುತ್ತಾರೆ. ಬಿಡಿಸಿ ಹೇಳಲು ಹೋಗಬೇಡಿ. ಹೊಲದ ಕೆಲಸವಿದೆ ಅನ್ನಿ. ಸುಳ್ಳೂ ಆಗುವುದಿಲ್ಲ.

ವರ್ಷದ ಆಯ್ಕೆ

ಎಳ್ಳ ಅಮವಾಸ್ಯೆ, ಅಂದರೆ ಮಾರ್ಗಶಿರದ ಅಮವಾಸ್ಯೆ, ವಾರ ನೋಡಿ ಬರುವುದಿಲ್ಲ. 2024ರಲ್ಲಿ ಅದು ಡಿಸೆಂಬರ್ 30, ಸೋಮವಾರ ಬಿತ್ತು; ಭಾನುವಾರದ ಹಬ್ಬಕ್ಕೆ ಹೇಳಿ ಮಾಡಿಸಿದ ವರ್ಷ. 2025ರದು ಡಿಸೆಂಬರ್ 19, ಶುಕ್ರವಾರ. ಒಂದು ದಿನ ರಜೆ ಹಾಕಿದವರು ಶನಿವಾರ, ಭಾನುವಾರ ಸೇರಿಸಿಕೊಂಡು ಮೀಸೆ ತಿರುವಿದರು. 2026ರ ಕ್ಯಾಲೆಂಡರಿನಲ್ಲಿ ಎಷ್ಟು ಹುಡುಕಿದರೂ ಎಳ್ಳ ಅಮವಾಸ್ಯೆ ಸಿಗದು. ಮುದ್ರಣ ದೋಷ ಎಂದು ಅಂಗಡಿಯವನ ಜೊತೆ ಜಗಳ ಬೇಡ. ನಡುವೆ ಅಧಿಕ ಜ್ಯೇಷ್ಠ ಬಂದು ಹಬ್ಬ 2027ರ ಜನವರಿ 7, ಗುರುವಾರಕ್ಕೆ ಸರಿದಿದೆ.

ಅನುಮತಿ ಪಡೆಯುವುದು

ಮುಂಚೆ ಹಬ್ಬ ಮಾಡಲು ನಿಜವಾದ ಮಂಜೂರಾತಿ ಕೊಡಬೇಕಾದವರು ಮುತ್ಯಾ, ಅಂದರೆ ಅಜ್ಜ. ಫೋನಿನಲ್ಲಿ ಕೇಳಿದರೆ ಬರುವ ಉತ್ತರ ಗೊತ್ತೇ ಇದೆ: "ಅಮಾಸಿ ಏನ್ ನಿನ್ನ ರಜಾ ನೋಡಿ ಬರ್ತದೇನೋ ತಮ್ಮಾ?" ವಾದಕ್ಕಿಳಿಯಬೇಡಿ. "ಹಂಗಲ್ಲ ಮುತ್ಯಾ, ಅಮಾಸಿ ದಿನ ಹೊಳ್ಳಿ ಹೋಗಾಕ ಯವ್ವ ಬಿಡಂಗಿಲ್ಲ, ಅದಕ್ಕ ಐತವಾರ ಬಂದು ಹೋಗ್ತೀನಿ" ಎಂದು ತಾಯಿಯನ್ನು ಮುಂದೆ ಮಾಡಿ. ಅಮವಾಸ್ಯೆಯ ದಿನ ಮಗ ಊರು ಬಿಡುವುದನ್ನು ನಮ್ಮ ಕಡೆ ತಾಯಂದಿರು ಒಪ್ಪುವುದಿಲ್ಲ. ಹಬ್ಬದ ದಿನವೇ ಬಂದವನಿಗೆ ಮರುದಿನದ ಪಗಾರವೂ ಹೋಗುತ್ತದೆ. ಭಾನುವಾರ ಉಂಡವನು ಅಂದು ರಾತ್ರಿಯೇ ಗಾಡಿ ಹತ್ತಬಹುದು. ಮುತ್ಯಾ "ಹ್ಞೂಂ" ಅನ್ನದೆ "ನೋಡ್ರಿ ನಿಮ್ಮ ಮನಸ್ಸಿಗೆ ಬಂದಂಗ" ಅಂದರೆ ಅದನ್ನೇ ಒಪ್ಪಿಗೆ ಎಂದು ತಿಳಿಯತಕ್ಕದ್ದು.

ಪ್ರಯಾಣ

ಶನಿವಾರದ ಬಟವಡೆ ಕೈಗೆ ಬಿದ್ದ ಮೇಲೆ ಹೊರಡಿ. ಉದ್ಯಾನ್ ಎಕ್ಸ್‌ಪ್ರೆಸ್ ರಾತ್ರಿ ಬೆಂಗಳೂರು ಬಿಟ್ಟು ಬೆಳಗಿನ ಜಾವಕ್ಕೆ ಯಾದಗಿರಿ ಮುಟ್ಟಿಸುತ್ತದೆ. ಶಹಾಪುರ, ಸುರಪುರದವರು ಅಲ್ಲಿಂದ ಬಸ್ಸು ಹಿಡಿಯಬೇಕು. ಬಸ್ಸಿನಲ್ಲೇ ಬರುವುದಾದರೆ ಲಿಂಗಸುಗೂರು ದಾಟಿದ ಮೇಲೆ ನಿದ್ದೆ ಮಾಡಬೇಡಿ. ತಿಂಥಣಿ ಬ್ರಿಜ್ ಮೇಲೆ ಕೃಷ್ಣೆ ದಾಟುವಾಗ ಪಕ್ಕದ ಸೀಟಿನವರು ಮೌನೇಶ್ವರನ ದಿಕ್ಕಿಗೆ ಕೈ ಮುಗಿಯುತ್ತಾರೆ, ಅದೇ ಅಲಾರಂ. ಅಕ್ಕತಂಗಿಯರಿಗೆ 2023ರ ಜೂನ್ 11ರಿಂದ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ಟಿಗೆ ದುಡ್ಡಿಲ್ಲ. ಆದ್ದರಿಂದ ಅವರು ನಿಮಗಿಂತ ಮೊದಲೇ ಬಂದು ಕಿಟಕಿ ಪಕ್ಕದ ಹಾಸಿಗೆ ಹಿಡಿದಿರುತ್ತಾರೆ.

ಅಡುಗೆಮನೆ

ಮುಂಚಿತ ಹಬ್ಬ ನಿಮ್ಮ ಹೊಸ ಶೋಧ ಎಂಬ ಭ್ರಮೆ ಇದ್ದರೆ ಒಳಗೆ ಹೋಗಿ ನೋಡಿ. ಅಡುಗೆಮನೆಯಲ್ಲಿ ಹಬ್ಬ ಯಾವತ್ತೂ ಮುಂಚೆಯೇ ಶುರು. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ನಾಲ್ಕೈದು ದಿನ ಮೊದಲೇ ಬಡಿದು, ಕಟಕಾಗಿ ಒಣಗಿಸಿ, ಬುಟ್ಟಿಯಲ್ಲಿ ಒಟ್ಟಿರುತ್ತಾರೆ. ಓಣಿಯ ಹೆಂಗಸರು ಇವತ್ತು ಇವರ ಮನೆ, ನಾಳೆ ಅವರ ಮನೆ ಎಂದು ಸರದಿ ಹಚ್ಚಿ ಬಡಿಯುತ್ತಾರೆ. ಶೇಂಗಾ ಹೋಳಿಗೆಯೂ ಕೆಡುವುದಲ್ಲ, ಅಗಸಿ ಹಿಂಡಿಯೂ ಕೆಡುವುದಲ್ಲ. ದಿನದ ಲೆಕ್ಕ ಬೇಡುವುದು ಭಜ್ಜಿ ಒಂದೇ.

ಭಜ್ಜಿ ಅಂದರೆ ಎಣ್ಣೆಯಲ್ಲಿ ಕರಿದ ಬಜ್ಜಿ ಎಂದುಕೊಂಡವರು ಈ ಪುಟ ಮುಚ್ಚಬಹುದು. ಇದು ಹಸಿ ಕಡಲೆ, ತೊಗರಿಕಾಳು, ಅವರೆ, ಬಟಾಣಿ, ಶೇಂಗಾ, ಮೆಂತ್ಯ, ಸಿಕ್ಕ ಸೊಪ್ಪೆಲ್ಲ ಸೇರಿಸಿ, ಕಡಲೆ ಹಿಟ್ಟು ಕದಡಿ, ಹುಣಸೆ ಹುಳಿ ಹಿಂಡಿ ಕುದಿಸುವ ಪಲ್ಯ. ಕಾಳು ಬಿಡಿಸುವ ಕೆಲಸ ಮುಂಚಿತ ಹಬ್ಬದವರ ಪಾಲಿಗೆ ಕಟ್ಟಿಟ್ಟದ್ದು. ಪ್ರಯಾಣದ ದಣಿವು ಎಂದು ಹೇಳಿಕೊಳ್ಳುವ ಮೊದಲೇ ಮಡಿಲಿಗೆ ತೊಗರಿಕಾಯಿಯ ರಾಶಿ ಬಿದ್ದಿರುತ್ತದೆ. ಉಗುರಿನ ಸಂದಿ ಹಸಿರಾಗುವುದು ಯಂತ್ರ ಸರಿಯಾಗಿ ನಡೆಯುತ್ತಿದೆ ಎಂಬುದರ ಗುರುತು. ಮಾಡಿದ ದಿನಕ್ಕಿಂತ ಮರುದಿನ ಭಜ್ಜಿಯ ರುಚಿ ಹೆಚ್ಚು. ಹಾಗಾಗಿ ಕಾಳು ಬಿಡಿಸುವುದು ತಪ್ಪಬೇಕಿದ್ದರೆ ಶನಿವಾರವೇ ಮಾಡಿಡಲು ಫೋನಿನಲ್ಲಿ ಹೇಳಿರಿ. ಹಬ್ಬ ಇನ್ನೂ ಒಂದು ದಿನ ಹಿಂದಕ್ಕೆ ಹೋಗುತ್ತದೆ, ಅಷ್ಟೆ.

ಎಚ್ಚರಿಕೆ: ಚರಗ

ಇದೊಂದು ಭಾಗವನ್ನು ಎರಡು ಸಲ ಓದಿ. ಹೊಲದಲ್ಲಿ ಬನ್ನಿ ಗಿಡದ ಬುಡಕ್ಕೋ ಬದುವಿನ ಮೇಲೋ ಸುಣ್ಣ ಹಚ್ಚಿ ನಿಲ್ಲಿಸುವ ಐದು ಕಲ್ಲುಗಳು ಪಾಂಡವರು. ಅವರಿಗೆ ಪೂಜೆ ಮಾಡಿ, ಒಬ್ಬರು ಮುಂದೆ ಚರಗ, ಅಂದರೆ ಭೂಮಿತಾಯಿಗೆ ಮೀಸಲಾದ ಹಬ್ಬದಡುಗೆ, ಚೆಲ್ಲುತ್ತ, ಇನ್ನೊಬ್ಬರು ಹಿಂದೆ ನೀರು ಚಿಮುಕಿಸುತ್ತ ಹೊಲ ಸುತ್ತುವುದು ಅಮವಾಸ್ಯೆಯಂದೇ ಆಗಬೇಕು. ಭಾನುವಾರ ಚಾಪೆ ಹಾಸಿ ಉಣ್ಣಿ, ಫೋಟೋ ತೆಗೆಯಿರಿ, ಮಕ್ಕಳನ್ನು ಜೋಳದ ಸಾಲಿನಲ್ಲಿ ಓಡಿಸಿ. ಚರಗದ ಪಾಲನ್ನು ಮುಟ್ಟದೆ ಮೀಸಲು ಎತ್ತಿಡಿ. ಮನುಷ್ಯರು ಮುಂಚೆ ಉಣ್ಣಬಹುದು, ಭೂಮಿತಾಯಿಗೆ ಅವಳ ದಿನವೇ ಉಣಿಸಬೇಕು ಎಂಬುದು ಮುತ್ಯಾನ ವಾದ. ನನಗೂ ಅದೇ ಸರಿ ಎನಿಸುತ್ತದೆ. ಕಾಲುವೆ ನೀರು ಬಂದು ಜೋಳದ ಹೊಲ ಭತ್ತದ ಗದ್ದೆಯಾದ ಶಹಾಪುರ, ಸುರಪುರದ ಊರುಗಳಿಗೂ ಈ ನಿಯಮ ಹಾಗೆಯೇ.

ದುರಸ್ತಿಯಾಗದ ದೋಷ

ಅಮವಾಸ್ಯೆಯ ದಿನ ಊರಿಗೆ ಊರೇ ಹೊಲದಲ್ಲಿರುತ್ತದೆ. ಎತ್ತಿನ ಗಾಡಿ, ಟ್ರ್ಯಾಕ್ಟರ್, ಟಂಟಂ ತುಂಬ ಬುಟ್ಟಿಗಳು. ದಾರಿಯಲ್ಲಿ ಹೋಗುವ ಗುರುತಿಲ್ಲದವರನ್ನೂ "ಬರ್ರೀ, ಒಂದ್ ತುತ್ತು ಉಂಡು ಹೋಗ್ರಿ" ಎಂದು ಕರೆಯುತ್ತಾರೆ. ನಾಲ್ಕು ಹೊಲದ ಭಜ್ಜಿ ನಾಲ್ಕು ರುಚಿ. ಭಾನುವಾರದ ಹಬ್ಬದಲ್ಲಿ ಅಕ್ಕಪಕ್ಕದ ಹೊಲ ಬಿಕೋ ಅನ್ನುತ್ತದೆ, ನಿಮ್ಮನೆಯ ಭಜ್ಜಿಯನ್ನು ನೀವೇ ಹೊಗಳಿಕೊಂಡು ಉಣ್ಣಬೇಕು. ಈ ದೋಷಕ್ಕೆ ಬಿಡಿಭಾಗ ಎಲ್ಲೂ ಸಿಗುವುದಿಲ್ಲ.

ಮುಂದಿನ ಬಳಕೆಗೆ

ಈ ಸಲ ಗುರುವಾರದ ಹಬ್ಬ, ಹಾಗಾಗಿ ಮುಂಚಿತ ಆಚರಣೆ 2027ರ ಜನವರಿ 3, ಭಾನುವಾರ. ರೈಲಿನ ಮುಂಗಡ ಟಿಕೆಟ್ 60 ದಿನ ಮೊದಲು ತೆರೆಯುತ್ತದೆ. ಅಂದರೆ ನವೆಂಬರ್ ಮೊದಲ ವಾರ, ಎಲ್ಲರೂ ದೀಪಾವಳಿಯ ಗಡಿಬಿಡಿಯಲ್ಲಿರುವಾಗ. ಇನ್ನೊಂದು ಮಾತು: ಈ ಸಲ ಎಳ್ಳ ಅಮವಾಸ್ಯೆಯಾದ ವಾರಕ್ಕೇ ಸಂಕ್ರಾಂತಿ, ಮೈಲಾಪುರದ ಮಲ್ಲಯ್ಯನ ಜಾತ್ರೆ. ಎರಡಕ್ಕೂ ರಜೆ ಸಿಗದವರು ಯಾವುದಕ್ಕೆ ಬರುತ್ತೀರಿ ಎಂದು ಈಗಲೇ ಮುತ್ಯಾನಿಗೆ ಫೋನ್ ಮಾಡಿ ಹೇಳಿಬಿಡಿ.