ಮೂಲೆಯ ಕಾಲಾಳು

ಮೂರು ತಿಂಗಳು ನಾನು ರೂಯ್ ಲೋಪೆಜ್ ಎಂಬ ಸ್ಪೇನಿನ ಪಾದ್ರಿಯ ಸಹವಾಸದಲ್ಲಿದ್ದೆ. 1561ರಲ್ಲಿ ಚೆಸ್ ಪುಸ್ತಕ ಬರೆದ ಪುಣ್ಯಾತ್ಮ. ಎದುರಾಳಿಯ ಕಣ್ಣಿಗೆ ಬಿಸಿಲು ಹೊಡೆಯುವ ಹಾಗೆ ಮಣೆ ಇಡಿ ಎಂದೂ ಹೇಳಿದ್ದಾನೆ. ದೇವರ ಕೆಲಸದ ನಡುವೆ ಇಷ್ಟು ಲೌಕಿಕ ಜ್ಞಾನ ಇರುವವನನ್ನು ನಂಬದಿರುವುದು ಹೇಗೆ? ಅವನ ಹೆಸರಿನ ಓಪನಿಂಗ್‌ನಲ್ಲಿ ಬಿಳಿಯ ಒಂಟೆ ಮೂರನೇ ನಡೆಗೇ ಬಿ5 ಮನೆಗೆ ಹಾರುತ್ತದೆ. ಮುಂದಿನ ಹದಿನೈದು ನಡೆಗಳನ್ನು ಸ್ನಾನದ ಮನೆಯಲ್ಲೂ ಮಗ್ಗಿಯಂತೆ ಒಪ್ಪಿಸುತ್ತಿದ್ದೆ.

ಟೂರ್ನಿ ನಡೆದದ್ದು ಕಲ್ಯಾಣ ಮಂಟಪದಲ್ಲಿ. ಕಿಟಕಿಗೆಲ್ಲ ಪರದೆ, ಬಿಸಿಲಿನ ಉಪದೇಶ ಅಲ್ಲೇ ದಂಡವಾಯಿತು. ಎದುರಿಗೆ ಬಟ್ಟೆಚೀಲ ತಂದ ನಿವೃತ್ತ ಮೇಷ್ಟ್ರು. ನಾನು ರಾಜನ ಕಾಲಾಳನ್ನು ಎರಡು ಮನೆ ನೂಕಿದೆ. ಅವರು ಎಡತುದಿಯ, ಅಂದರೆ ನನ್ನ ಎಡಕ್ಕಿರುವ, ಮೂಲೆಯ ಕಾಲಾಳನ್ನು ಒಂದೇ ಮನೆ ಸರಿಸಿದರು. ಅಂಗಿಯ ತೋಳು ತಾಗಿತೇನೋ, ಸರಿಮಾಡುತ್ತಾರೆ ಎಂದು ಸೌಜನ್ಯದಿಂದ ಕಾದೆ, ಒಳಗೊಳಗೇ ನಕ್ಕೆ. ನಾಲ್ಕು ನಿಮಿಷವಾದ ಮೇಲೆ ಮೇಷ್ಟ್ರೇ ಕನಿಕರಪಟ್ಟರು: "ನಿಮ್ಮ ಗಡಿಯಾರ ಓಡ್ತಾ ಇದೆಯಪ್ಪ."

ಆ ಪುಟ್ಟ ಕಾಲಾಳು ಕಾವಲಿಟ್ಟಿದ್ದು ಸಾಕ್ಷಾತ್ ಬಿ5 ಮನೆಯನ್ನೇ! ಕುದುರೆ ಬಿಟ್ಟೆ. ಅವರು ಬಿ5ಕ್ಕೇ ಇನ್ನೊಂದು ಕಾಲಾಳು ತಂದು ಕೂರಿಸಿದರು. ಬುದ್ಧಿ ಬೇಡವೆಂದಿತು, ಕೈ ಮಾತ್ರ ಅಭ್ಯಾಸಬಲದಿಂದ ಒಂಟೆಯನ್ನು ಹಿಡಿದಿತ್ತು. ಮುಟ್ಟಿದ ಕಾಯಿ ನಡೆಸಲೇಬೇಕು. ಮೂರು ತಿಂಗಳ ತಪಸ್ಸಿನ ಒಂಟೆ ಒಂದೇ ಮನೆ ನಡೆದು ರಾಜನ ಮುಂದೆ ಅಡ್ಡ ನಿಂತಿತು. ಮೇಷ್ಟ್ರ ಒಂಟೆ ಅಷ್ಟರಲ್ಲಿ ಮೂಲೆಯಿಂದ ನನ್ನ ನಡುಗಾಲಾಳಿನ ಮೇಲೆ ಕಣ್ಣಿಟ್ಟಿತ್ತು. ಪಾದ್ರಿ ಹೇಳಿಕೊಟ್ಟಂತೆ ನಾನು ಕ್ಯಾಸಲ್ ಮಾಡಿದೆ. ಅವನ ಆಟದಲ್ಲಿ ಆ ಕಾಲಾಳು ಹೋದರೂ ವಾಪಸು ಸಿಗುತ್ತದೆ. ಇಲ್ಲಿ ಹೋದದ್ದು ಹೋಯಿತು. ಉಳಿದದ್ದನ್ನು ಬರೆಯುವುದಕ್ಕೆ ಹೆಚ್ಚೇನಿಲ್ಲ, ಊಟದ ಹೊತ್ತಿಗೆ ಮೊದಲೇ ಕೈಕುಲುಕಿದೆ.

ಮನೆಗೆ ಬಂದು ಹುಡುಕಿದರೆ, 1980ರಲ್ಲಿ ಸ್ವೀಡನ್ನಿನ ಸ್ಕಾರಾದಲ್ಲಿ ಇಂಗ್ಲೆಂಡಿನ ಟೋನಿ ಮೈಲ್ಸ್ ಇದೇ ಮೂಲೆಯ ಕಾಲಾಳಿನಿಂದ ವಿಶ್ವ ಚಾಂಪಿಯನ್ ಕಾರ್ಪೋವ್‌ನನ್ನು ಸೋಲಿಸಿದ್ದ. ಆ ನಡೆ ಕಂಡು ನೋಡುವವರೂ ನಕ್ಕಿದ್ದರಂತೆ. ಎದೆಯುಬ್ಬಿಸಿ ಹೆಂಡತಿಗೆ ಹೇಳಿದೆ, "ಕಾರ್ಪೋವ್ ಕೂಡ ಸೋತಿದ್ದಾನೆ ಕಣೇ!"

"ಎಷ್ಟು ನಡೆಗೆ?"

"ನಲವತ್ತಾರು."

"ನೀವು?"

ಕಾಫಿಗೆ ಸಕ್ಕರೆ ಕಡಿಮೆಯಾಗಿದೆ ಎಂದೆ.