ನೋಡೋಣ ರಾಯರು

ಹೆಂಡತಿಗೆ ಪರದೇಶಕ್ಕೆ ವರ್ಗವಾದ ಗಂಡಸನ್ನು ದೂರದಿಂದಲೇ ಗುರುತಿಸಬಹುದು. ವಾಕಿಂಗಿಗೆಂದು ಬಂದಿರುತ್ತಾನೆ, ಆದರೆ ನಡೆಯುತ್ತಿರುವುದಿಲ್ಲ. ಪಾರ್ಕಿನ ಗೇಟಿನ ಹತ್ತಿರ ನಿಂತು ಯಾರಾದರೂ ಸಿಕ್ಕಾರೆಯೇ ಎಂದು ಕಾಯುತ್ತಿರುತ್ತಾನೆ. ಸಿಕ್ಕವರ ಮಗನೋ, ಅಳಿಯನೋ, ಷಡ್ಡಕನ ತಮ್ಮನೋ ಹೊರದೇಶದಲ್ಲಿದ್ದರೆ ಸಾಕು, "ಅಲ್ಲಿ ಚಳಿ ಹೇಗೆ ಸಾರ್?" ಎಂದು ಶುರು. ಮೂರನೆಯ ಪ್ರಶ್ನೆಯ ಹೊತ್ತಿಗೆ ನಿಮಗೆ ತಿಳಿಯುತ್ತದೆ, ಈತನಿಗೆ ಚಳಿಯ ಸಮಾಚಾರ ಬೇಕಾಗಿಲ್ಲ. ತನ್ನ ತಲೆಯ ಮೇಲೆ ಎಂಥ ದೊಡ್ಡ ನಿರ್ಧಾರ ಕೂತಿದೆ ಎಂಬುದು ನಿಮಗೆ ಗೊತ್ತಾಗಬೇಕು, ಅಷ್ಟೆ.

ಹಿಂದೆ ಈ ಜಾತಿಯವರು ಇರಲಿಲ್ಲ. ಗಂಡನಿಗೆ ಆರ್ಡರ್ ಬರುತ್ತಿತ್ತು, ಹೆಂಡತಿ ಉಪ್ಪಿನಕಾಯಿ ಜಾಡಿಯ ಬಾಯಿಗೆ ಬಟ್ಟೆ ಕಟ್ಟುತ್ತಿದ್ದಳು. ಅದಕ್ಕೆ ನಿರ್ಧಾರ ಎಂಬ ಹೆಸರೇ ಇರಲಿಲ್ಲ. ಈಗ ಆರ್ಡರು ಹೆಂಡತಿಯ ಲ್ಯಾಪ್‌ಟಾಪಿಗೆ ಬರತೊಡಗಿದ ಮೇಲೆ ನಿರ್ಧಾರ ಹುಟ್ಟಿಕೊಂಡಿದೆ. ಅದನ್ನು ಮಾಡುವ ಭಾರ, ಪಾಪ, ಗಂಡನ ಮೇಲೆ ಬಿದ್ದಿದೆ.

ರಾಜರಾಜೇಶ್ವರಿನಗರದ ನಮ್ಮ ಅಪಾರ್ಟ್‌ಮೆಂಟಿನ ಎರಡನೇ ಮಹಡಿಯ ರಾಯರು ಈ ಜಾತಿಯ ಅಪ್ಪಟ ತಳಿ. ನಲವತ್ತೆರಡೇ ವಯಸ್ಸು, ಆದರೂ ರಾಯರು. ಕೆಲವರು ಹುಟ್ಟುತ್ತಲೇ ರಾಯರಾಗಿರುತ್ತಾರೆ. ಪೀಣ್ಯದ ಕಾರ್ಖಾನೆಯೊಂದರಲ್ಲಿ ಕ್ವಾಲಿಟಿ ವಿಭಾಗದ ಮ್ಯಾನೇಜರು. ಇನ್ನೊಬ್ಬರು ಮಾಡಿದ್ದನ್ನು ತಿರುಗಿಸಿ ಮುರುಗಿಸಿ ನೋಡಿ "ಸರಿಯಿಲ್ಲ" ಎನ್ನುವುದಕ್ಕೆ ಸಂಬಳ. ಅವರ ಶ್ರೀಮತಿಯವರು ಚಿಪ್ಪುಗಳಿಗೆ ಸಂಬಂಧಿಸಿದ ಸಾಫ್ಟ್‌ವೇರ್ ಕೆಲಸದಲ್ಲಿದ್ದಾರೆ. ಫೆಬ್ರವರಿಯ ಒಂದು ಭಾನುವಾರ ಆಕೆ ಅವರೆಕಾಳು ಹಿತುಕುತ್ತ, ತಲೆಯೆತ್ತದೆ ಹೇಳಿದರಂತೆ:

"ರೀ, ನನ್ನನ್ನ ಐಂಡ್‌ಹೋವನ್‌ಗೆ ಹಾಕ್ತಿದಾರೆ. ಮೂರು ವರ್ಷ. ಆಗಸ್ಟಲ್ಲಿ ಹೋಗ್ಬೇಕು."

"ಎಲ್ಲಿದೆ ಅದು?"

"ನೆದರ್‌ಲ್ಯಾಂಡ್ಸು."

"ಹೂಂ. ನೋಡೋಣ."

ಆಕೆ ಮುಂದಿನ ಕಾಳು ಹಿತುಕಿದರು.

ನಿಜವಾಗಿ ಅದು ರಾಯರಿಗೆ ಗೊತ್ತಿಲ್ಲದ ಊರೇನಲ್ಲ. 1891ರಲ್ಲಿ ಫಿಲಿಪ್ಸ್ ಕಂಪನಿ ಹುಟ್ಟಿದ್ದು ಅಲ್ಲಿ, ರಾಯರ ತಂದೆಯ ರೇಡಿಯೋ ಫಿಲಿಪ್ಸಿನದೇ. ಈಗ ಆ ಊರಿಗೆ ಅಂಟಿಕೊಂಡಂತಿರುವ ವೆಲ್ಡ್‌ಹೋವನ್‌ನಲ್ಲಿ ಎಎಸ್‌ಎಂಎಲ್ ಇದೆ. ಅತಿ ಸೂಕ್ಷ್ಮ ಚಿಪ್ಪುಗಳ ಅಚ್ಚು ಹಾಕುವ ಇಯುವಿ ಯಂತ್ರಗಳನ್ನು ಜಗತ್ತಿಗೆ ಮಾರುವ ಕಂಪನಿ ಅದು. ಅದರ ಸುತ್ತ ಹತ್ತಾರು ಕಂಪನಿಗಳು ಬೆಳೆದಿವೆ, ಅವುಗಳ ಬೆನ್ನು ಹತ್ತಿ ನಮ್ಮವರೂ ಹೋಗಿದ್ದಾರೆ. ಅಲ್ಲಿ ಹೆಸರುಬೇಳೆ ಸಿಗುತ್ತದೆ. ಬೆಂಗಳೂರಿನಿಂದ ಆಮ್‌ಸ್ಟರ್‌ಡ್ಯಾಮಿಗೆ ನೇರ ವಿಮಾನವೂ ಇದೆ. ಆಕ್ಷೇಪಣೆ ಎತ್ತುವವನಿಗೆ ಇದು ಬಹಳ ಅನನುಕೂಲದ ದೇಶ.

ರಾಯರು ಧೃತಿಗೆಡಲಿಲ್ಲ. ಎಕ್ಸೆಲ್ ಶೀಟು ತೆರೆದರು. ಎಡಗಡೆ ಪರ, ಬಲಗಡೆ ವಿರೋಧ, ಪ್ರತಿಯೊಂದಕ್ಕೂ ಹತ್ತರಲ್ಲಿ ಇಷ್ಟು ಎಂದು ತೂಕ. ಮಗಳ ಶಾಲೆ, ಅಮ್ಮನ ಬಿ.ಪಿ., ಫ್ಲ್ಯಾಟಿನ ಸಾಲ, ಯೂರೋ ದರ, ಸಂಪಿನ ಮೋಟಾರು ಕೆಟ್ಟರೆ ಯಾರು ನೋಡುತ್ತಾರೆ, ಅಲ್ಲಿ ಕೊತ್ತಂಬರಿ ಸೊಪ್ಪಿನ ಕಟ್ಟು ಎಷ್ಟು ದಪ್ಪ, ಒಂದನ್ನೂ ಬಿಟ್ಟಿರಲಿಲ್ಲ. ಮೊತ್ತ "ಹೋಗಿ" ಎಂದು ಬಂದರೆ ಅಮ್ಮನ ಬಿ.ಪಿ.ಯ ತೂಕ ಏರುತ್ತಿತ್ತು. "ಬೇಡ" ಎಂದು ಬಂದರೆ ಮಗಳ ಭವಿಷ್ಯದ ತೂಕ ಏರುತ್ತಿತ್ತು. ಉತ್ತರ ಬಾರದಂತೆ ನೋಡಿಕೊಳ್ಳುವುದಕ್ಕೆ ಅಷ್ಟೊಂದು ಫಾರ್ಮುಲಾ ಬಳಸಿದವರನ್ನು ನಾನು ಬೇರೆ ಕಂಡಿಲ್ಲ. ನನಗೂ ತೋರಿಸಿದರು. ಶ್ರೀಮತಿಯವರ ಕೆಲಸದ ಬಗ್ಗೆ ಒಂದೇ ಒಂದು ಸಾಲಿತ್ತು: "ಅವಳ ಪ್ರಮೋಷನ್". ಅದು ಕೊತ್ತಂಬರಿ ಸೊಪ್ಪಿನ ಕೆಳಗಿತ್ತು.

ಆಮೇಲೆ ಸಲಹೆ ಕೇಳುವ ಕಾಂಡ. ನಿರ್ಧಾರದ ಗಂಡನಿಗೆ ಸಲಹೆ ಎಂದರೆ ಪ್ರಾಣ, ಪಾಲಿಸಬೇಕಾಗಿಲ್ಲದ್ದಾದರೆ ಇನ್ನೂ ಪ್ರೀತಿ. ಎದುರು ಮನೆಯ ನಿವೃತ್ತ ಇಂಜಿನಿಯರು "ಹೋಗಬೇಡಿ, ಹೋದವರು ಬರಲ್ಲ" ಎಂದರು. ಅವರು ಹೇಳುತ್ತಿದ್ದುದು ತಮ್ಮ ಮಗನ ವಿಷಯ. ಮ್ಯೂನಿಕ್‌ನಲ್ಲಿರುವ ಸಹಪಾಠಿ "ಬಂದ್ಬಿಡು ಮಾರಾಯ" ಎಂದ. ಅವನಿಗೆ ಕನ್ನಡದಲ್ಲಿ ಬೈದಾಡಲು ಒಬ್ಬ ಬೇಕಾಗಿತ್ತು. ಗಾಂಧಿಬಜಾರಿನ ಜೋಯಿಸರಂತೂ ಎರಡೂ ಜಾತಕ ಹರಡಿಕೊಂಡು ಬಹಳ ಹೊತ್ತು ಹನ್ನೆರಡನೇ ಮನೆ ನೋಡಿದರು. ಆ ಮನೆ ವಿದೇಶವಾಸಕ್ಕೂ ಸೇರಿದ್ದು, ಖರ್ಚಿಗೂ ಸೇರಿದ್ದು. "ನಿಮ್ಮ ಮನೆಯವರದ್ದರಲ್ಲಿ ವಾಸ ಚೆನ್ನಾಗಿದೆ. ನಿಮ್ಮದರಲ್ಲಿ ಖರ್ಚು ಕಾಣುತ್ತೆ," ಎಂದು ದಕ್ಷಿಣೆಯ ತಟ್ಟೆ ಮುಂದೆ ಸರಿಸಿದರಂತೆ.

ನ್ಯೂಜೆರ್ಸಿಯಲ್ಲಿರುವ ಚಿಕ್ಕಪ್ಪನ ಮಗನ ಫೋನು ಮಾತ್ರ ರಾಯರಿಗೆ ಭರವಸೆ ತಂದಿತು. "ಅಣ್ಣಾ, ಇಲ್ಲಿ ಎಚ್-4ನಲ್ಲಿ ಬಂದ್ರೆ ಕೆಲಸ ಮಾಡೋ ಹಾಗಿಲ್ಲ. ಇವಳು ಎಂಟು ವರ್ಷ ಮನೇಲೇ ಕೂತಿದ್ಲು," ಎಂದ ಅವನು. ಅದು ನಿಜವೇ. ಎಚ್-1ಬಿಯವರ ಸಂಗಾತಿಗಳಲ್ಲಿ ಗ್ರೀನ್ ಕಾರ್ಡಿನ ಅರ್ಜಿ ಒಂದು ಹಂತ ಮುಟ್ಟಿದವರಿಗಷ್ಟೇ, ಅದೂ 2015ರಿಂದ ಈಚೆಗೆ, ಅಮೆರಿಕ ಕೆಲಸದ ಪರವಾನಗಿ ಕೊಡುತ್ತಿದೆ. ಎಂಟು ವರ್ಷ ಕೂತಿದ್ದ ಆ ಎಂ.ಎಸ್ಸಿ. ಓದಿದ ಹೆಣ್ಣುಮಗಳ ಅಭಿಪ್ರಾಯವನ್ನು ರಾಯರು ಕೇಳಲಿಲ್ಲ. ಫೋನು ತಮ್ಮನ ಕೈಯಲ್ಲಿತ್ತು.

ರಾಯರಿಗೆ ಬೇಕಾಗಿದ್ದ ಅಸ್ತ್ರ ಸಿಕ್ಕಿತು. ದುಡಿಯುವ ಗಂಡಸು ಪರದೇಶದಲ್ಲಿ ಕೈಕಟ್ಟಿ ಕೂರುವುದು ಹೇಗೆ? ಸ್ವಾಭಿಮಾನದ ಪ್ರಶ್ನೆ. ಇದನ್ನು ಅವರು ಪಾರ್ಕಿನಲ್ಲಿ ಒಂದು ವಾರ ಚೆನ್ನಾಗಿ ಹೇಳಿಕೊಂಡು ಓಡಾಡಿದರು, ಧ್ವನಿಯಲ್ಲಿ ತುಸು ಗದ್ಗದವೂ ಇತ್ತು. ಎಂಟನೆಯ ದಿನ ಶ್ರೀಮತಿಯವರು ಕಂಪನಿಯಿಂದ ಬಂದ ಕಾಗದ ತೋರಿಸಿದರು. ಹೆಚ್ಚಿನ ಕೌಶಲದ ಕೆಲಸಕ್ಕೆಂದು ನೆದರ್‌ಲ್ಯಾಂಡ್ಸಿಗೆ ಕರೆಸಿಕೊಂಡವರ ಗಂಡ ಅಥವಾ ಹೆಂಡತಿ ಅಲ್ಲಿ ಯಾವ ಕೆಲಸವನ್ನಾದರೂ ಮಾಡಬಹುದು, ಬೇರೆ ಪರವಾನಗಿ ಬೇಕಾಗಿಲ್ಲ. ರಾಯರು ಕಾಗದವನ್ನು ಎರಡು ಸಲ ಓದಿ, ಹಿಂದೆ ತಿರುಗಿಸಿಯೂ ನೋಡಿದರು. ಅಂದು ಸಂಜೆ ನನ್ನ ಹತ್ತಿರ ಬೇಸರದಿಂದ, "ಅಮೆರಿಕ ಆಗಿದ್ದಿದ್ರೆ ಎಷ್ಟು ಚೆನ್ನಾಗಿರ್ತಿತ್ತು," ಎಂದರು.

ಉಳಿದದ್ದು ಆಫೀಸು. ತಾನಿಲ್ಲದೆ ಪೀಣ್ಯ ನಡೆಯುವುದಿಲ್ಲ ಎಂಬುದು ಅವರ ಕೊನೆಯ ಕೋಟೆ. ಬಾಸ್ ಚೇಂಬರಿಗೆ ಹೋಗಿ, ಹೀಗೀಗೆ, ಬಹುಶಃ ಬಿಡಬೇಕಾಗಬಹುದು, ಇನ್ನೂ ಖಚಿತವಿಲ್ಲ, ಎಂದು ತಡೆತಡೆದು ಹೇಳಿದರು. ಬಾಸ್ ಕನ್ನಡಕ ತೆಗೆದು, "ಯಾವಾಗಿಂದ?" ಎಂದರು. ಆ ಪ್ರಶ್ನೆಯಲ್ಲಿದ್ದ ಉತ್ಸಾಹ ರಾಯರನ್ನು ಇವತ್ತಿಗೂ ಕಾಡುತ್ತಿದೆ.

ಇಷ್ಟಾದರೂ ಅಮ್ಮ ಇದ್ದರು. ವಯಸ್ಸಾದ ತಾಯಿಯನ್ನು ಬಿಟ್ಟು ಹೋಗುವುದು ಹೇಗೆ ಎಂಬ ಮಾತಿಗೆ ನಮ್ಮಲ್ಲಿ ಯಾರೂ ಎದುರಾಡುವುದಿಲ್ಲ, ತಾಯಿಯ ಹೊರತು. ರಾಯರ ತಂದೆ ಬ್ಯಾಂಕಿನಲ್ಲಿ ಆಫೀಸರಾಗಿದ್ದವರು. ಸೊರಬ, ಹೊನ್ನಾವರ, ಸಿಂದಗಿ, ಲಿಂಗಸುಗೂರು ಎಂದು ಆ ತಾಯಿ ಕರ್ನಾಟಕದ ಭೂಪಟವನ್ನು ಸ್ಟೀಲ್ ಟ್ರಂಕಿನ ಮೇಲೆ ಕೂತು ನೋಡಿದವರು. ಆರ್ಡರ್ ಬಂದ ವಾರದೊಳಗೆ ಮಕ್ಕಳ ಟಿ.ಸಿ., ಗ್ಯಾಸಿನ ವರ್ಗಾವಣೆ ಚೀಟಿ, ಹಾಲಿನವನ ಲೆಕ್ಕ ಚುಕ್ತಾ. ಸಿಂದಗಿಯ ಬಿಸಿಲಿಗೆ ಎಷ್ಟು ತೂಕ, ಹೊನ್ನಾವರದ ಮಳೆಗೆ ಎಷ್ಟು ತೂಕ ಎಂದು ಅವರಿಗೆ ಯಾರೂ ಶೀಟು ಹಾಕಿ ಕೊಟ್ಟಿರಲಿಲ್ಲ. ಹಾಗೆಂದು ಆಕೆ ಅದನ್ನೊಂದು ದೂರಾಗಿ ಹೇಳಿಕೊಳ್ಳುವವರೂ ಅಲ್ಲ. ಮಗ ಸೋಫಾದ ಮೇಲೆ ಕೂತು, "ಅಮ್ಮ, ನಿನ್ನನ್ನ ಬಿಟ್ಟು ಹೇಗೆ ಹೋಗ್ಲಿ?" ಎಂದಾಗ ಅವರು ಬತ್ತಿ ಹೊಸೆಯುತ್ತಿದ್ದರು.

"ನಾನು ಮೈಸೂರಿಗೆ ನಿನ್ನ ಅಕ್ಕನ ಮನೆಗೆ ಹೋಗ್ತೀನಿ ಅಂತ ಸೊಸೆಗೆ ಆಗ್ಲೇ ಹೇಳಿದೀನಲ್ಲೋ. ಅಲ್ಲಿ ಭಜನಾ ಮಂಡಳಿಯವರು ಕಾಶಿಗೂ ಹೊರಟಿದಾರೆ. ಗ್ಯಾಸು ಸರೆಂಡರ್ ಮಾಡಿದ್ಯಾ?"

"ಇನ್ನೂ ನಿರ್ಧಾರವೇ ಆಗಿಲ್ಲವಲ್ಲಮ್ಮ."

"ನಿಮ್ಮಪ್ಪಂಗೆ ಲಿಂಗಸುಗೂರಿಗೆ ಆದಾಗ ನೀನು ಹೊಟ್ಟೇಲಿದ್ದೆ. ಆಗ್ಲೂ ಹೀಗೇ, ಡಾಕ್ಟ್ರು ಹೇಳಿದ ತಾರೀಕಾಗಿ ಹನ್ನೆರಡು ದಿನ ಆದ್ರೂ ಹೊರಗೆ ಬರ್ಲಿಲ್ಲ."

ಅಮ್ಮನೂ ಕೈಬಿಟ್ಟ ಮೇಲೆ ರಾಯರು ಧರ್ಮದ ಮೊರೆಹೊಕ್ಕರು. ಆ ಊರಿನಲ್ಲಿ ಜೂನ್ ತಿಂಗಳು ಸೂರ್ಯ ಮುಳುಗುವುದು ರಾತ್ರಿ ಹತ್ತರ ಸುಮಾರಿಗೆ. ಡಿಸೆಂಬರಿನಲ್ಲಿ ಬೆಳಗ್ಗೆ ಎಂಟೂಮುಕ್ಕಾಲಿಗೆ ಹುಟ್ಟಿ ಸಂಜೆ ನಾಲ್ಕೂವರೆಗೆ ಮುಳುಗಿಬಿಡುತ್ತಾನೆ. "ಹೀಗಾದ್ರೆ ಸಂಧ್ಯಾವಂದನೆ ಯಾವಾಗ ಮಾಡೋದು?" ಎಂದು ಅವರು ಗಂಭೀರವಾಗಿ ಕೇಳಿದರು. ಉಪನಯನದ ಮರುವಾರದಿಂದ ರಾಯರು ಸಂಧ್ಯಾವಂದನೆ ಮಾಡಿದ್ದನ್ನು ಕಂಡವರಿಲ್ಲ. ಜೊತೆಗೆ ಸೈಕಲ್ಲಿನ ಭಯ. ಅಲ್ಲಿ ಜನರಿಗಿಂತ ಸೈಕಲ್ಲುಗಳು ಹೆಚ್ಚು. ಮಳೆಯಿರಲಿ ಗಾಳಿಯಿರಲಿ ಅಜ್ಜಿಯರೂ ತುಳಿದುಕೊಂಡು ಹೋಗುತ್ತಾರೆ. ರಾಯರು ಮೆಟ್ರೊ ಸ್ಟೇಷನ್ನಿಗೆ ಹೋಗುವುದಕ್ಕೂ ಆಟೊ ಕೂಗುವವರು. ಐದು ತುಂಬಿದ ಮಗುವಿಗೆ ಶಾಲೆ ಅಲ್ಲಿ ಕಡ್ಡಾಯ. ರಜೆಯಲ್ಲದ ದಿನ ಪ್ರವಾಸಕ್ಕೆಂದು ಶಾಲೆ ತಪ್ಪಿಸಿದರೆ ತಂದೆ ತಾಯಿಗೆ ದಂಡ. ಇದನ್ನು ಅವರು ವಿರೋಧದ ಕಾಲಂನಲ್ಲಿ ಬರೆದರು. ಆರು ವರ್ಷದ ಮಗಳು ಇಣುಕಿ ನೋಡಿ, "ಅಪ್ಪಾ, ಅಲ್ಲಿ ನನಗೆ ಸೈಕಲ್ ಕೊಡಿಸ್ತೀನಿ ಅಂತ ಅಮ್ಮ ಹೇಳಿದಾಳೆ," ಎಂದಳು. ಅಂದರೆ ಆ ಮನೆಯಲ್ಲಿ ನಿರ್ಧಾರ ಆಗಬೇಕಾದವರಿಗೆಲ್ಲ ಆಗಿತ್ತು. ಸುದ್ದಿ ತಲುಪದಿದ್ದವರು ಒಬ್ಬರೇ.

ಹಾಗಿದ್ದೂ ಕಾಗದ ಪತ್ರದ ಕೆಲಸ ನಿಲ್ಲಲಿಲ್ಲ, ಅದನ್ನು ಶ್ರೀಮತಿಯವರು ನೋಡಿಕೊಳ್ಳುತ್ತಿದ್ದರು. ಅಲ್ಲೊಂದು ತೊಡಕು ಬಂತು. ಗಂಡ ಎನ್ನುವುದಕ್ಕೆ ದಾಖಲೆ ಬೇಕು, ಇವರ ಮದುವೆ ನೋಂದಣಿಯೇ ಆಗಿಲ್ಲ. ಇದು ಬೆಂಗಳೂರಿನ ಎಷ್ಟೋ ಮನೆಗಳ ಕಥೆ. 1955ರ ಹಿಂದೂ ವಿವಾಹ ಕಾಯ್ದೆ ನೋಂದಣಿಗೆ ದಾರಿ ಮಾಡಿಕೊಟ್ಟಿದೆ, ಮಾಡಿಸದಿದ್ದರೂ ಮದುವೆ ಊರ್ಜಿತವೇ ಎಂದೂ ಹೇಳಿದೆ. ನಮ್ಮವರು ಎರಡನೆಯ ಮಾತನ್ನು ಮಾತ್ರ ಕೇಳಿಸಿಕೊಂಡಿದ್ದಾರೆ. ಆದರೆ ಡಚ್ಚರು ಅರುಂಧತಿ ನಕ್ಷತ್ರದ ಸಾಕ್ಷಿಯನ್ನು ಒಪ್ಪುವುದಿಲ್ಲ. ಪ್ರಮಾಣಪತ್ರ ಬೇಕು, ಅದರ ಮೇಲೆ ವಿದೇಶಾಂಗ ಸಚಿವಾಲಯದ ಅಪೋಸ್ಟಿಲ್ ಬೇಕು.

ಹೀಗೆ ಮದುವೆಯಾದ ಹನ್ನೊಂದು ವರ್ಷಕ್ಕೆ ದಂಪತಿಗಳು ಲಗ್ನಪತ್ರಿಕೆ, ತಾಳಿ ಕಟ್ಟುವ ಫೋಟೊ, ಮೂವರು ಸಾಕ್ಷಿಗಳ ಸಮೇತ ಉಪನೋಂದಣಾಧಿಕಾರಿಗಳ ಕಚೇರಿಗೆ ಹೋದರು. ಆ ಮದುವೆಯಲ್ಲಿ ಹೋಳಿಗೆ ತಿಂದಿದ್ದ ಅರ್ಹತೆಯ ಮೇಲೆ ನಾನೂ ಒಬ್ಬ ಸಾಕ್ಷಿ. ಫೋಟೊದಲ್ಲಿ ಪೇಟ ಸುತ್ತಿಕೊಂಡಿದ್ದ ರಾಯರು ತಾಳಿ ಹಿಡಿದು ಎತ್ತಲೋ ನೋಡುತ್ತಿದ್ದರು, ಯಾರನ್ನೋ ಸಲಹೆ ಕೇಳುತ್ತಿರುವ ಹಾಗೆ. ಗುಮಾಸ್ತರು ಅರ್ಜಿ ಮುಂದಿಟ್ಟು ಸೈನ್ ಮಾಡಿ ಎಂದರು. ರಾಯರು ಪೆನ್ನಿನ ಕ್ಯಾಪ್ ತೆಗೆದು, "ಒಂದ್ಸಲ ಪೂರ್ತಿ ಓದಿ ನೋಡೋಣ," ಎಂದರು.

"ಹನ್ನೊಂದು ವರ್ಷ ಆದ್ಮೇಲೂ ಯೋಚ್ನೆ ಮಾಡ್ತಿದೀರಾ ಸಾರ್?" ಎಂದರು ಗುಮಾಸ್ತರು. ಹಿಂದೆ ಹಾರದ ಸಮೇತ ನಿಂತಿದ್ದ ಹೊಸ ಜೋಡಿ ಮುಖ ಮುಖ ನೋಡಿಕೊಂಡಿತು. ಶ್ರೀಮತಿಯವರು ಏನೂ ಅನ್ನಲಿಲ್ಲ. ತಮ್ಮ ಸಹಿ ಹಾಕಿ, ಸಾಕ್ಷಿಗಳಿಗೆ ಕಾಫಿ ಕೊಡಿಸಲು ಹೊರಟರು.

ಒಂದು ವಿಷಯ ಇಲ್ಲಿ ಹೇಳಲೇಬೇಕು. ಮಾನ್ಯತೆ ಪಡೆದ ಕಂಪನಿ ಅರ್ಜಿ ಹಾಕಿದರೆ ನೆದರ್‌ಲ್ಯಾಂಡ್ಸಿನ ವಲಸೆ ಇಲಾಖೆ ಸಾಮಾನ್ಯವಾಗಿ ಎರಡು ವಾರದಲ್ಲಿ ತೀರ್ಮಾನ ಹೇಳುತ್ತದೆ. ಈ ಮನುಷ್ಯನನ್ನು ನಮ್ಮ ದೇಶಕ್ಕೆ ಬಿಟ್ಟುಕೊಳ್ಳಬಹುದೇ ಎಂದು ಒಂದು ಸರ್ಕಾರಕ್ಕೆ ಯೋಚಿಸಲು ಎರಡು ವಾರ ಸಾಕಾಯಿತು. ಆ ಮನುಷ್ಯನಿಗೆ ಆರು ತಿಂಗಳು ಸಾಲಲಿಲ್ಲ. ಮೂರು ಪಾಸ್‌ಪೋರ್ಟುಗಳಿಗೂ ಸ್ಟಿಕ್ಕರು ಬಿತ್ತು. ಆಗಸ್ಟಿನಲ್ಲಿ ತಾಯಿ ಮಗಳು ವಿಮಾನ ಹತ್ತಿದರು. "ಮೊದ್ಲು ಅವ್ಳು ಹೋಗಿ ಸೆಟ್ಲ್ ಆಗ್ಲಿ ಅಂತ ನಾನೇ ಡಿಸೈಡ್ ಮಾಡಿದೆ," ಎಂದು ರಾಯರು ಲಿಫ್ಟಿನಲ್ಲಿ ಸಿಕ್ಕವರಿಗೆಲ್ಲ ಹೇಳಿದರು.

ಈಗ ಅಮ್ಮ ಮೈಸೂರಿನಲ್ಲಿ, ರಾಯರು ಒಬ್ಬರೇ. ಮೊನ್ನೆ ಸಾರಿಗೆ ಇಂಗು ಸಿಗದೆ ವಿಡಿಯೊ ಕಾಲ್ ಮಾಡಿದರು. ಮೀಟಿಂಗಿನ ನಡುವೆ ಫೋನೆತ್ತಿದ ಶ್ರೀಮತಿಯವರು, "ಎರಡನೇ ಶೆಲ್ಫು, ಹಾರ್ಲಿಕ್ಸ್ ಬಾಟ್ಲಿ ಹಿಂದೆ," ಎಂದು ಇಟ್ಟರು. ಇಂಗು ಅಲ್ಲೇ ಇತ್ತು. ರಾಯರು ಇದನ್ನು ಶೀಟಿನಲ್ಲಿ ಪರಕ್ಕೆ ಬರೆದುಕೊಳ್ಳಬೇಕೋ ವಿರೋಧಕ್ಕೋ ಎಂದು ನನ್ನನ್ನು ಕೇಳಿದರು. ಸ್ಟಿಕ್ಕರಿನ ಅವಧಿ ಮಾತ್ರ 90 ದಿನ. ಅಷ್ಟರೊಳಗೆ ಆ ದೇಶದಲ್ಲಿ ಕಾಲಿಡಬೇಕು, ಇಲ್ಲವಾದರೆ ಮತ್ತೆ ಮೊದಲಿಂದ. ಟಿಕೆಟ್ ಆಗಿದೆ. ತಾರೀಕು ಬದಲಾಯಿಸಬಹುದಾದ ಟಿಕೆಟ್ಟೇ ಬೇಕೆಂದು ಹೆಚ್ಚು ದುಡ್ಡು ಕೊಟ್ಟಿದ್ದಾರೆ.

ಅಂದಹಾಗೆ, ರಾಯರ ಫ್ಲ್ಯಾಟು ಬಾಡಿಗೆಗಿದೆ. ಎರಡು ಬೆಡ್‌ರೂಮು, ಪೂರ್ವದ ಬಾಗಿಲು, ಕಾವೇರಿ ನೀರು, ಸ್ಕೂಟರ್ ನಿಲ್ಲಿಸಲು ಜಾಗ. ಕರಾರು ಹನ್ನೊಂದು ತಿಂಗಳದ್ದು. ನಿಮ್ಮ ಕಡೆ ಯಾರಿಗಾದರೂ ಬೇಕಿದ್ದರೆ ಬಂದು ನೋಡಲಿ, ಅಡ್ವಾನ್ಸಿನ ಮಾತನ್ನೂ ಆಡಲಿ. ಯಾವ ತಿಂಗಳಿಂದ ಎಂದು ಮಾತ್ರ ಕೇಳುವುದು ಬೇಡ.